ಮೂರನೇ ಬಟ್ಟಲು

ಸಿಯೂಹ್ವಾ ಚಹಾ ಸುರಿಯುವ ಕುಡಿಕೆಯ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ನಂಬಿಕೆ ಬರಲಿಲ್ಲವೋ ಏನೋ, ಮತ್ತೊಮ್ಮೆ ಮೂಸಿದಳು. ಆಮೇಲೆ ಕಿರುಬೆರಳನ್ನು ಒಳಗೆ ಬಿಟ್ಟು ಸುತ್ತಲೂ ಸವರಿ ಬೆಳಕಿಗೆ ಹಿಡಿದಳು. ಬೆರಳಿಗೆ ಏನೂ ಹತ್ತಿರಲಿಲ್ಲ.

"ಈ ಕುಡಿಕೇನ ಯಾರು ಉಜ್ಜಿದ್ದು?"

ಹೆಣದ ಪೆಟ್ಟಿಗೆಯ ಸುತ್ತ ಕೂತಿದ್ದ ಹೆಂಗಸರ ಅಳು ಅಲ್ಲಿಗೇ ನಿಂತಿತು. ಪೆಟ್ಟಿಗೆಯೊಳಗೆ ಮಲಗಿದ್ದವನು ಅವಳ ಅಪ್ಪ ಬುನ್‌ಕೆಂಗ್. ಬೀಗದ ಬುನ್‌ಕೆಂಗ್ ಎಂದರೆ ಚಾವೋಝೌ ಊರಿನ ನಮ್ಮ ಓಣಿಯಲ್ಲಿ ಕೂಸಿಗೂ ಗೊತ್ತು. ಮಗಳು ಗಂಡನ ಊರು ಶಾಂತೌನಿಂದ ಮೊದಲ ಬಸ್ಸಿಗೆ ಬಂದಿಳಿದು, ಒಂದು ಸುತ್ತು ಅತ್ತು, ಅಪ್ಪನ ಮುಂದೆ ಕೊನೆಯ ಚಹಾ ಇಡೋಣವೆಂದು ಅವನ ಕುಡಿಕೆಯನ್ನು ಎತ್ತಿಕೊಂಡಿದ್ದಳು. ನಲವತ್ತು ವರ್ಷದಿಂದ ಆ ಪುಟ್ಟ ಮಣ್ಣಿನ ಕುಡಿಕೆಯೊಳಗೆ ಚಹಾ ಬಿಟ್ಟರೆ ಇನ್ನೊಂದು ಬಿದ್ದಿರಲಿಲ್ಲ. ಒಳಗೋಡೆಗೆಲ್ಲ ಚಹಾದ ಹಕ್ಕಳೆ ಕಪ್ಪಗೆ, ದಪ್ಪಗೆ ಹಿಡಿದಿತ್ತು. ನಮ್ಮಲ್ಲಿ ಬೆಲೆ ಇರುವುದು ಆ ಹಕ್ಕಳೆಗೇ. ಅಂಥ ಕುಡಿಕೆಗೆ ಬರೀ ಬಿಸಿನೀರು ಹೊಯ್ದರೂ ಚಹಾದ ರುಚಿ ಬರುತ್ತದೆ. ಈಗ ನೋಡಿದರೆ ಒಳಗೆ ಬೋಳು ಕೆಂಪು ಮಣ್ಣು, ನಿನ್ನೆ ಅಂಗಡಿಯಿಂದ ತಂದ ಹಾಗೆ. ಮೂಗಿಗೆ ಅಡುಗೆ ಸೋಡಾದ ವಾಸನೆ ಬೇರೆ.

ಗೆಕ್‌ಲಾನ್ ಮೂಲೆಯಲ್ಲಿ ಒಲೆಯ ಇದ್ದಿಲಿಗೆ ಗಾಳಿ ಹಾಕುತ್ತಿದ್ದಳು. ಅವಳು ಸತ್ತವನ ಸೊಸೆ. ದೋಣಿ ಮಗುಚಿ ಗಂಡ ಹೋದಮೇಲೂ ತವರಿಗೆ ಹೋಗದೆ ಮಾವನ ಜೊತೆಗೇ ಉಳಿದವಳು.

"ಮಾವನೇ ಉಜ್ಜಿದ್ರು" ಎಂದಳು, ತಲೆ ಎತ್ತದೆ. "ಹೋಗೋದಕ್ಕೆ ಹಿಂದಿನ ದಿನ, ಮಧ್ಯಾಹ್ನ."

ಯಾರೋ ನಕ್ಕೇಬಿಟ್ಟರು. ಸಾವಿನ ಮನೆಯೆಂದು ನೆನಪಾಗಿ ಆ ನಗುವನ್ನು ಕೆಮ್ಮು ಮಾಡಿಕೊಂಡರು.

"ಕೇಳಿದ್ರಾ ಎಲ್ಲಾರೂ? ಅಪ್ಪನೇ ಉಜ್ಜಿದನಂತೆ!" ಸಿಯೂಹ್ವಾಳ ದನಿ ಏರಿತು. "ಚಿಕ್ಕೋಳಿದ್ದಾಗ ಯಾರೋ ನೆಂಟರಾಕೆ ಇದನ್ನ ತೊಳೆಯೋಕೆ ಹೋದ್ಲು ಅಂತ ಅಪ್ಪ ಅನ್ನದ ಬಟ್ಲು ಬಿಸಾಕಿ ಓಡಿದ್ದ. ಮನೆಗೆ ಬೆಂಕಿ ಬಿದ್ರೂ ಆ ಮನುಷ್ಯ ಹಾಗೆ ಓಡ್ತಿರಲಿಲ್ಲ. ಸುಳ್ಳು ಹೇಳಿದ್ರೂ ತಲೆ ಮೇಲೆ ಹೊಡೆದಂಗೆ ಇರಬಾರದು, ಅತ್ತಿಗೆ."

ಪಕ್ಕದ ಮನೆಯ ಮುಯ್ ಅತ್ತೆಗೆ ಇಷ್ಟು ಸಾಕಾಯಿತು. ತನ್ನಷ್ಟಕ್ಕೆ ಹೇಳಿಕೊಂಡಂತೆ, ಆದರೆ ಬಾಗಿಲಾಚೆಗೂ ಕೇಳುವಂತೆ ಅಂದಳು: "ಸೋಡಾ ಹಾಕಿ ಉಜ್ಜೋದು ಯಾವಾಗ? ಒಳಗೆ ಇರಬಾರದ್ದು ಏನೋ ಇದ್ದಾಗ."

"ಅತ್ತೆ, ಬಾಯಿಗೆ ಬಂದಂಗೆ ಆಡಬೇಡಿ" ಎಂದಳು ಗೆಕ್‌ಲಾನ್.

"ಅಯ್ಯೋ, ನಾನೇನಂದೆ? ಕಲ್ಲುಗುಂಡಿನ ಹಾಗಿದ್ದ ಮನುಷ್ಯ. ಸಂಜೆ ಚಹಾ ಕುಡಿದು ಮಲಗಿದೋನು ಬೆಳಿಗ್ಗೆ ಏಳಲಿಲ್ಲ. ಕುಡಿಕೆ ಮಾತ್ರ ಥಳಥಳ ಅಂತಿದೆ. ಇದ್ದದ್ದು ಅಂದೆನಪ್ಪ."

ಎಲ್ಲರ ಕಣ್ಣೂ ಗೆಕ್‌ಲಾನಳ ಕೈಯಲ್ಲಿದ್ದ ಬೀಸಣಿಗೆಯ ಮೇಲೆ ನಿಂತವು. ಅದು ಅಲ್ಲಾಡುವುದನ್ನು ನಿಲ್ಲಿಸಿತ್ತು.

*

ಬುನ್‌ಕೆಂಗ್ ಓಣಿಯ ಬಾಯಲ್ಲಿ ಒಂದು ಮಣೆ, ಒಂದು ಅರ, ಒಂದು ಗೊಂಚಲು ಹಳೇ ಬೀಗದಕೈ ಇಟ್ಟುಕೊಂಡು ಜೀವನ ಮಾಡಿದವನು. ಬೀಗ ಕಚ್ಚಿಕೊಂಡಿದೆಯೆಂದು ಜನ ಏದುಸಿರು ಬಿಡುತ್ತ ಓಡಿ ಬಂದರೆ, "ಕೂತ್ಕೊಳ್ಳಿ, ಚಹಾ ಕುಡೀರಿ" ಎನ್ನುತ್ತಿದ್ದ. ಬೀಗಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಅದರ ಕಡೆ ನೋಡುತ್ತಲೂ ಇರಲಿಲ್ಲ. ಬಂದವರು ಒಳಗೊಳಗೇ ಕುದಿಯುತ್ತಿದ್ದರು. ಚಹಾ ಮುಗಿಸಿ ಅವನು ಎರಡು ಬೆರಳಲ್ಲಿ ಮುಟ್ಟಿದರೆ ಬೀಗ ಬಾಯಿ ಬಿಡುತ್ತಿತ್ತು.

"ಒತ್ತಬೇಡಿ" ಎಂಬುದೊಂದೇ ಅವನ ಮಂತ್ರ. ಬೀಗವನ್ನು ಒತ್ತಬೇಡಿ, ಅಳುವ ಮಗುವನ್ನು ಒತ್ತಬೇಡಿ, ಬಾರದ ನಿದ್ದೆಯನ್ನು ಒತ್ತಬೇಡಿ. ಓಣಿಯ ಕೊನೆಯ ದಾವೋ ಗುಡಿಯ ಪೂಜಾರಿ ಲಿಮ್ ಅವನ ಜೊತೆ ದಿನಾ ಚಹಾಕ್ಕೆ ಕೂರುತ್ತಿದ್ದ. ಒಳಗನ್ನು ಬರಿದಾಗಿಟ್ಟುಕೊಂಡು ನಡೆಯುವ ದಾರಿಗೆ ಆ ಗುಡಿಯವರು ದಾವೋ ಎನ್ನುತ್ತಾರೆ. ಹಾಗೆಂದರೆ ಏನೆಂದು ಯಾರಾದರೂ ಕೇಳಿದರೆ ಪೂಜಾರಿ ಬುನ್‌ಕೆಂಗನ ಕಡೆ ಗದ್ದ ಎತ್ತಿ ತೋರಿಸುತ್ತಿದ್ದ. ಬುನ್‌ಕೆಂಗ್, "ನನಗೇನು ಗೊತ್ತು ಮಾರಾಯ, ನಾನು ಬೀಗದೋನು" ಎನ್ನುತ್ತಿದ್ದ.

ಸೋಮಾರಿತನಕ್ಕೆ ದಾವೋ ಎಂದು ಹೆಸರಿಟ್ಟುಕೊಂಡಿದ್ದಾನೆ ಎನ್ನುವವರೂ ಓಣಿಯಲ್ಲಿ ಬೇಕಾದಷ್ಟಿದ್ದರು. ಮಗಳಿಗೂ ಎಷ್ಟೋ ಸಲ ಹಾಗೇ ಅನ್ನಿಸಿದ್ದುಂಟು. ಯಾವುದಕ್ಕೂ ಹಟ ಹಿಡಿಯದ ಆ ಮನುಷ್ಯನಿಗೆ ಇದ್ದದ್ದು ಒಂದೇ ಒಂದು ಜಂಬ, ಆ ಕುಡಿಕೆ. ಬಂದವರಿಗೆಲ್ಲ ಅದರಲ್ಲಿ ಬರೀ ನೀರು ಹೊಯ್ದು ಕೊಟ್ಟು, ಅವರು ಚಪ್ಪರಿಸುವುದನ್ನು ನೋಡುತ್ತ ಕೂರುತ್ತಿದ್ದ.

*

"ಮೊದಲು ಅಪ್ಪನ ಕೈ ತೊಳಿಯಮ್ಮ" ಎಂದರು ಚೂನ್ ಹಿರಿಯರು. ಮನೆತನಕ್ಕೆಲ್ಲ ದೊಡ್ಡವರು. ಮಧ್ಯಾಹ್ನದೊಳಗೆ ಪೆಟ್ಟಿಗೆ ಮುಚ್ಚಿ ಹೂಳಲು ಗುಡ್ಡಕ್ಕೆ ಹೊರಡಿಸುವ ಹೊಣೆ ಅವರದು. "ಮಿಕ್ಕಿದ್ದು ಆಮೇಲೆ ನೋಡೋಣ."

ಪೆಟ್ಟಿಗೆಯ ಪಕ್ಕದಲ್ಲಿ ಬಿಳಿಯ ಬೋಗುಣಿಯೊಂದರಲ್ಲಿ ಚಕ್ಕೋತದ ಎಲೆ ತೇಲಿಸಿದ ನೀರಿತ್ತು. ಸತ್ತವನ ಮೈ ಮುಖ ಮನೆಯವರು ತೊಳೆಯಬಹುದು, ಅಪ್ಪನ ಕೈ ಮಾತ್ರ ಮಗಳ ಪಾಲು. ನಮ್ಮ ಓಣಿಯಲ್ಲಿ ಮೊದಲಿನಿಂದ ನಡೆದು ಬಂದದ್ದು ಹಾಗೆ. ಗೆಕ್‌ಲಾನ್ ಮಾವನಿಗೆ ಉದ್ದ ತೋಳಿನ ನಿಲುವಂಗಿ ತೊಡಿಸಿ, ಕೈಗಳನ್ನು ತೋಳೊಳಗೇ ಮಡಚಿ ಬಿಟ್ಟಿದ್ದಳು. ನಾದಿನಿ ಬರುವವರೆಗೆ ಅವನ್ನು ಮುಟ್ಟುವಂತಿರಲಿಲ್ಲ.

"ನಾನು ತೊಳೆಯಲ್ಲ" ಎಂದಳು ಸಿಯೂಹ್ವಾ. "ಕೈ ತೊಳೆದ್ರೆ ಮುಚ್ಚಳ ಹಾಕ್ತೀರಿ. ಮುಚ್ಚಳ ಹಾಕಿದ್ರೆ ಎಲ್ಲಾ ಮುಚ್ಚಿ ಹೋಗತ್ತೆ. ದೊಡ್ಡಾಸ್ಪತ್ರೆಯವರು ಬಂದು ನೋಡ್ಲಿ. ಅಪ್ಪ ಹೇಗೆ ಸತ್ತ ಅಂತ ನನಗೆ ಗೊತ್ತಾಗ್ಬೇಕು."

"ಹೆಣ ಕುಯ್ಸ್ತೀಯಾ?"

"ಕುಯ್ಲಿ!"

ಚೂನ್ ಹಿರಿಯರು ಪೂಜಾರಿ ಲಿಮ್‌ನ ಮುಖ ನೋಡಿದರು. ಲಿಮ್ ಗಂಟೆ ಕೆಳಗಿಟ್ಟು ಸುಮ್ಮನೆ ಕೂತಿದ್ದ. ಗೆಳೆಯನ ಹಾಗೇ ಇವನೂ ಒತ್ತುವವನಲ್ಲ. ಹಿರಿಯರಿಗೆ ಸಿಟ್ಟು ಬಂತು. ಆ ಸಿಟ್ಟು ತಿರುಗಿದ್ದು ಗೆಕ್‌ಲಾನಳ ಕಡೆಗೆ.

"ನೋಡಮ್ಮ, ನೀನು ಹೊರಗಿಂದ ಬಂದೋಳು. ಗಂಡನಿಲ್ಲ, ಮಕ್ಕಳಿಲ್ಲ. ಈ ಮನೇಲಿ ಇರೋಕೆ ಬುನ್‌ಕೆಂಗನ ಮಾತೊಂದು ಇತ್ತು, ಇವತ್ತು ಅದೂ ಹೋಯ್ತು. ಮಗಳು ಒಪ್ಪಿದ್ರೆ ಇರು, ಯಾರೂ ಬೇಡ ಅನ್ನಲ್ಲ. ಒಪ್ಪದೆ ಆಸ್ಪತ್ರೆಯವರು ಬರೋ ಹಾಗಾದ್ರೆ, ಮನೆ ಬೀಗದಕೈ ಕೊಟ್ಟು ಇವತ್ತೇ ಹೊರಡಬೇಕಾಗತ್ತೆ."

ಗೆಕ್‌ಲಾನ್ ಬೀಸಣಿಗೆ ಕೆಳಗಿಟ್ಟಳು. "ಎಲ್ಲಿಗೆ ಹೋಗ್ಲಿ ದೊಡ್ಡಪ್ಪ?" ಎಂದಳು. ಬಾಗಿಲ ಕಡೆ ನೋಡಿ, "ಈ ಮನೆಗೆ ಬೀಗಾನೇ ಇಲ್ಲ. ಮಾವ ಹಾಕಿಸ್ಲೇ ಇಲ್ಲ" ಎಂದಳು. ಆಗ ಅವಳಿಗೆ ಅಳು ಒತ್ತರಿಸಿ ಬಂತು.

"ಅಳ್ತಾಳೆ ನೋಡು, ಈಗ" ಎಂದಳು ಮುಯ್ ಅತ್ತೆ.

ಸಿಯೂಹ್ವಾಳಿಗೂ ಆ ಅಳು ನಾಟಕದಂತೆಯೇ ಕಂಡಿತು. "ನನಗೆ ಅರ್ಧ ಬಟ್ಲು ಅಳೆದು ಕೊಟ್ಟೋಳು ನೀನು. ಅವತ್ತೇ ನಿನ್ನ ಮನಸ್ಸು ನನಗೆ ಗೊತ್ತಾಯ್ತು!"

*

ಅದು ಹೋದ ವರ್ಷದ ಹೊಸವರ್ಷದ ಮಾತು. ಸಿಯೂಹ್ವಾ ಕಿತ್ತಳೆ ಹಣ್ಣು ಹಿಡಿದು ತವರಿಗೆ ಬಂದಿದ್ದಳು. ಅಪ್ಪ, ಪೂಜಾರಿ ಲಿಮ್, ಅವಳು, ಹೀಗೆ ಕೂತವರು ಮೂವರು. ಮನೆ ತುಂಬ ಜನವಿದ್ದರೂ ನಮ್ಮಲ್ಲಿ ಚಹಾದ ತಟ್ಟೆಗೆ ಇಡುವುದು ಮೂರೇ ಬಟ್ಟಲು. ಆ ಮೂರೂ ಒಂದೇ ಮಟ್ಟಕ್ಕೆ ತುಂಬಬೇಕು. ಒಬ್ಬರಿಗೆ ತಗ್ಗಿದರೆ, ನೀನು ಬಂದದ್ದು ಬೇಡವಾಗಿತ್ತು ಎಂದ ಹಾಗೆ. ಈ ಲೆಕ್ಕಕ್ಕೆ ಮುರಿದುಬಿದ್ದ ನೆಂಟಸ್ತನಗಳು ಊರಲ್ಲಿ ಎಷ್ಟೋ ಇವೆ.

ಅಪ್ಪನ ಕೈ ಆಗಲೇ ನಡುಗುತ್ತಿತ್ತು. ಹಾಗಾಗಿ ಸುರಿದವಳು ಗೆಕ್‌ಲಾನ್. ಮೂರು ಬಟ್ಟಲ ಮೇಲೆ ಕುಡಿಕೆಯನ್ನು ಸುತ್ತು ಹಾಕಿಸುತ್ತ ಬಂದಳು. ನಡುವೆಯೇ ಕುಡಿಕೆ ಬರಿದಾಗತೊಡಗಿತು. ಹೊಸವರ್ಷದ ದಿನ ಹಿರಿಯರಿಬ್ಬರ ಬಟ್ಟಲು ತಗ್ಗಬಾರದೆಂದು ಕೊನೆಯ ಹನಿಗಳನ್ನೂ ಅವರಿಗೇ ಇಳಿಸಿದಳು. ಮೂರನೆಯದು ಅರ್ಧಕ್ಕೇ ನಿಂತಿತು.

ಸಿಯೂಹ್ವಾ ಆ ಬಟ್ಟಲನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. ಅಪ್ಪ ಬಾಯಿ ಬಿಡುತ್ತಾನೇನೋ ಎಂದು ಕಾದಳು. ಅಪ್ಪ ಕುಡಿಕೆಯನ್ನು ಕೈಗೆ ತೆಗೆದುಕೊಂಡು, ಮುಚ್ಚಳ ತೆಗೆದು ಅದರೊಳಗೆ ಇಣುಕುತ್ತ ಕೂತುಬಿಟ್ಟ. ಅವಳು ಬಟ್ಟಲು ಮುಟ್ಟದೆ ಎದ್ದಳು. ಮಧ್ಯಾಹ್ನದ ಊಟಕ್ಕೂ ನಿಲ್ಲಲಿಲ್ಲ. "ಹೋಗ್ಲಿ ಬಿಡು, ಒತ್ತಬೇಡ" ಎಂದು ಅಪ್ಪ ಗೆಕ್‌ಲಾನಳಿಗೆ ಹೇಳುತ್ತಿದ್ದುದು ಬಾಗಿಲು ದಾಟುವಾಗ ಕಿವಿಗೆ ಬಿತ್ತು. ಅದು ಅವಳನ್ನು ಇನ್ನಷ್ಟು ಉರಿಸಿತು. ಆಮೇಲೆ ಅವಳು ಈ ಓಣಿಗೆ ಕಾಲಿಟ್ಟದ್ದು ಇವತ್ತೇ.

*

ಕೊನೆಗೆ ಚೂನ್ ಹಿರಿಯರೇ ಸೋತರು. "ಆಯ್ತು, ಆಸ್ಪತ್ರೆಗೆ ಹೇಳಿ ಕಳಿಸ್ತೀನಿ. ಆದ್ರೆ ಅವರು ಎತ್ಕೊಂಡು ಹೋದ್ಮೇಲೆ ನಿನಗೆ ಕೈ ಸಿಗತ್ತೋ ಇಲ್ವೋ. ಅದನ್ನಾದ್ರೂ ತೊಳೆದು ಕಳಿಸು. ಕೊಳೆ ಕೈಯಲ್ಲಿ ಅಪ್ಪನ್ನ ಕಳಿಸಿದ್ಲು ಅಂತ ಆಗ್ಬಾರ್ದು."

ಸಿಯೂಹ್ವಾ ಅಪ್ಪನ ಪಕ್ಕ ಮಂಡಿಯೂರಿದಳು. ಬೋಗುಣಿಯನ್ನು ಪೆಟ್ಟಿಗೆಯ ಅಂಚಿಗೆ ಎಳೆದುಕೊಂಡು, ಅಪ್ಪನ ನಿಲುವಂಗಿಯ ತೋಳನ್ನು ಮೇಲೆ ಸರಿಸಿ, ಬಲಗೈಯನ್ನು ಎತ್ತಿ ನೀರಿಗಿಟ್ಟಳು. ತಣ್ಣಗಿನ, ಭಾರದ ಕೈ. ಅರ ಹಿಡಿದು ಹಿಡಿದು ಗಟ್ಟಿಯಾದ ಅಂಗೈ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ನೀರಿಗೆ ಬಣ್ಣ ಬಂತು. ಮೊದಲು ಸಣ್ಣಗೆ ಒಂದು ಎಳೆ, ಆಮೇಲೆ ಎಲೆಯ ಸುತ್ತ ಕಂದು ಹರಡಿತು. ಅವಳು ಕೈಯನ್ನು ಹೊರತೆಗೆದು ಕಣ್ಣಿನ ಹತ್ತಿರ ಹಿಡಿದಳು. ಉಗುರುಗಳ ಸಂದಿಯಲ್ಲೆಲ್ಲ ಕಪ್ಪು ಹಕ್ಕಳೆ ಒತ್ತೊತ್ತಾಗಿ ತುಂಬಿಕೊಂಡಿತ್ತು. ತೋರುಬೆರಳಿನ ಉಗುರು ಬುಡದವರೆಗೂ ಸೀಳಿತ್ತು. ಮೂಸಿ ನೋಡಬೇಕಾಗಿರಲಿಲ್ಲ, ಆದರೂ ಮೂಸಿದಳು. ಚಿಕ್ಕಂದಿನಲ್ಲಿ ಅಪ್ಪ ಕೆನ್ನೆ ಹಿಂಡಿದರೆ ಬರುತ್ತಿದ್ದ ಅದೇ ವಾಸನೆ, ಬೆಟ್ಟದ ಚಹಾದ್ದು.

ಮುಯ್ ಅತ್ತೆ ಕತ್ತು ಚಾಚಿ ನೋಡಿದಳು. "ಸತ್ತ ಮೇಲೂ ಉಗುರಿಗೆ ತುಂಬಬಹುದಲ್ಲ" ಎಂದಳು. "ಯಾರಿಗೆ ಗೊತ್ತು?"

ಸಿಯೂಹ್ವಾ ಆ ಬೆರಳನ್ನು ಅವಳ ಮೂಗಿನ ನೇರಕ್ಕೆ ಹಿಡಿದಳು. ಸೀಳಿದ ಉಗುರಿನ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಸತ್ತೋರಿಗೆ ರಕ್ತ ಬರತ್ತಾ ಅತ್ತೆ?"

ಮುಯ್ ಅತ್ತೆ ಮೈಮೇಲಿನ ಬಟ್ಟೆ ಸರಿಮಾಡಿಕೊಂಡು ಹಿಂದಕ್ಕೆ ಸರಿದಳು. ಸಿಯೂಹ್ವಾ ಒಂದೊಂದೇ ಉಗುರನ್ನು ತನ್ನ ಉಗುರಿನಿಂದ ಬಿಡಿಸಿ ತೊಳೆದಳು. ಅವಳ ಕಣ್ಣೀರು ಬೋಗುಣಿಗೆ ಬೀಳುತ್ತಿತ್ತು. ಎಡಗೈಯನ್ನೂ ತೊಳೆದು ಮುಗಿಸುವಾಗ ನೀರು ಹದವಾಗಿ ಇಳಿದ ಚಹಾದ ಬಣ್ಣಕ್ಕೆ ತಿರುಗಿತ್ತು.

"ಯಾಕೆ ಉಜ್ಜಿದ?" ಎಂದು ಕೇಳಿದಳು, ಗೆಕ್‌ಲಾನಳ ಕಡೆ ತಿರುಗದೆ. ದನಿಯಲ್ಲಿ ಅನುಮಾನ ಇನ್ನೂ ಪೂರಾ ಹೋಗಿರಲಿಲ್ಲ. "ಪ್ರಾಣಕ್ಕಿಂತ ಹೆಚ್ಚಾಗಿತ್ತಲ್ಲ ಅವನಿಗೆ ಅದು."

"ನನಗೂ ಗೊತ್ತಾಗ್ಲಿಲ್ಲ ಕಣೇ" ಎಂದಳು ಗೆಕ್‌ಲಾನ್. "ತಲೆ ಕೆಟ್ಟಿದೆ ಅಂದ್ಕೊಂಡು ಕಿತ್ಕೊಳ್ಳೋಕೆ ಹೋದೆ. ಬಿಡಲಿಲ್ಲ. 'ಈ ಸಲ ಹಬ್ಬಕ್ಕೆ ಮಗಳು ಬರ್ತಾಳೆ, ಮೂರನೇ ಬಟ್ಲಿಗೆ ಜಾಗ ಮಾಡ್ಬೇಕು' ಅಂದ್ರು. 'ಬಾಯಲ್ಲಿ ದಾವೋ ದಾವೋ ಅಂತೀನಿ, ಕುಡಿಕೇಲಿ ನೋಡಿದ್ರೆ ನಾನೇ ತುಂಬ್ಕೊಂಡು ಕೂತಿದೀನಿ' ಅಂತ ತಮ್ಮನ್ನ ತಾವೇ ಬೈಕೊಂಡ್ರು. ಸೋಡಾ ಹಾಕಿ ಇಡೀ ಮಧ್ಯಾಹ್ನ ಉಗುರಲ್ಲೇ ಕೆರೀತಾನೇ ಇದ್ರು."

ಪೂಜಾರಿ ಲಿಮ್ ಮುಖಕ್ಕೆ ತೋಳು ಅಡ್ಡ ಹಿಡಿದುಕೊಂಡ. ಗೆಳೆಯ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು.

ಒಲೆಯ ಮೇಲೆ ನೀರು ಕುದಿಯತೊಡಗಿತ್ತು. ಗೆಕ್‌ಲಾನ್ ಬೋಳು ಕುಡಿಕೆಗೆ ಚಹಾದ ಎಲೆ ತುಂಬಿ ನೀರು ಹೊಯ್ದಳು. ತಟ್ಟೆಯಲ್ಲಿ ಮೂರು ಬಟ್ಟಲಿಟ್ಟಳು. ಒಂದು ಸತ್ತವನಿಗೆ, ಒಂದು ಪೂಜಾರಿಗೆ, ಒಂದು ಸಿಯೂಹ್ವಾಳಿಗೆ. ಹೊಸವರ್ಷದ ದಿನ ಸುರಿದ ಹಾಗೆಯೇ ಸುತ್ತು ಹಾಕಿಸುತ್ತ ಸುರಿದಳು. ಸಿಯೂಹ್ವಾ ಮೂರನೆಯದನ್ನೇ ನೋಡುತ್ತಿದ್ದಳು.

ಮೊದಲನೆಯದು ತುಂಬಿತು. ಎರಡನೆಯದೂ ತುಂಬಿತು. ಮೂರನೆಯದು ಅರ್ಧ ದಾಟಿತು, ಮುಕ್ಕಾಲು ದಾಟಿತು, ಅಂಚಿಗೆ ಬಂದು ನಿಂತಿತು. ಕುಡಿಕೆಯಲ್ಲಿ ಇನ್ನೂ ನಾಲ್ಕು ಹನಿ ಉಳಿದಿತ್ತು.

ಬೋಗುಣಿಯ ನೀರಿನ್ನೂ ಆರದ ಕೈಗಳಲ್ಲಿ ಸಿಯೂಹ್ವಾ ಆ ಬಟ್ಟಲನ್ನು ಎತ್ತಿದಳು. ಒಂದು ಹನಿಯೂ ತುಳುಕದ ಹಾಗೆ, ಮೊಣಕಾಲ ಮೇಲೆ ಸರಿದು ಬಂದು, ಎರಡೂ ಕೈ ಮುಂದೆ ಚಾಚಿ ಅದನ್ನು ಗೆಕ್‌ಲಾನಳ ಮುಂದೆ ಹಿಡಿದಳು.