ಪಟ್ಟಾಯದ ಬೈಗುಳ

ಪಾಂಡವಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ತಿಮ್ಮರಾಜುವಿನ ಬಾಯಿಂದ ‘ಲೇ’ ಇಲ್ಲದೆ ಮಾತೇ ಹೊರಡುತ್ತಿರಲಿಲ್ಲ. ಅದರಲ್ಲೂ ಸಿಂಧಘಟ್ಟದ ಮರಿಯಯ್ಯ ಎದುರಿಗೆ ಬಂದರಂತೂ ಮುಗಿದೇ ಹೋಯಿತು. “ಏನ್ಲಾ ಮೂದೇವಿ, ಇನ್ನೂ ಬದುಕಿದ್ದೀಯಾ?” ಎಂದು ಇವನು ಶುರು ಮಾಡಿದರೆ, “ನಿನ್ನ ಒತ್ಕಂಡೋಗಾಕೆ ಒಬ್ರು ಬೇಕಲ್ಲ, ಅದ್ಕೇ ಇದ್ದೀನಿ” ಎಂದು ಅವನು ಮುಂದುವರಿಸುತ್ತಿದ್ದ. ಹೊಸಬರು ಯಾರಾದರೂ ಕೇಳಿಸಿಕೊಂಡರೆ ಇನ್ನೇನು ಹೊಡೆದಾಟವಾಗುತ್ತದೆ ಎಂದು ಅಂಗಡಿ ಮೆಟ್ಟಿಲು ಇಳಿದು ಹೋಗಬೇಕು, ಹಾಗಿತ್ತು ಇವರ ಸಲಿಗೆ. ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು, ಮೇಷ್ಟ್ರ ಕಣ್ಣು ತಪ್ಪಿಸಿ ಸಂಗಮದಲ್ಲಿ ಈಜು ಕಲಿತವರು. ಆಮೇಲೆ ಒಬ್ಬ ಪಾಂಡವಪುರದಲ್ಲಿ, ಇನ್ನೊಬ್ಬ ಕೆ.ಆರ್. ಪೇಟೆಯಲ್ಲಿ ಮೋಟಾರು ಮಾರುವ ಅಂಗಡಿ ಹಾಕಿಕೊಂಡರು.

ಮರಿಯಯ್ಯನ ಹೆಂಡತಿ ಪುಟ್ಟತಾಯಮ್ಮ ತೀರಿಕೊಂಡ ಮೇಲೆ ಈ ಸಲಿಗೆ ನಿಂತುಹೋಯಿತು. ನಿಲ್ಲಿಸಿದವಳು ತಿಮ್ಮರಾಜುವಿನ ಹೆಂಡತಿ ಯಶೋದಮ್ಮ. ತಿಥಿಯ ದಿನವೇ ಗಂಡನನ್ನು ಪಕ್ಕಕ್ಕೆ ಕರೆದು ಹೇಳಿದ್ದಳು, “ನೋಡಿ, ಮರಿಯಣ್ಣ ನೊಂದವ್ರೆ. ಇನ್ಮೇಲೆ ಅವ್ರತ್ರ ಆ ವರಟು ಮಾತು ಬ್ಯಾಡ. ಒಸಿ ನಯವಾಗಿರಿ.” ಹೆಂಡತಿ ಹೇಳಿದ್ದು ನ್ಯಾಯವಾಗಿಯೇ ಇತ್ತು. ಅಂದಿನಿಂದ ತಿಮ್ಮರಾಜು ‘ಲೇ ಮರಿಯ’ ಎನ್ನುವುದನ್ನು ಬಿಟ್ಟು ‘ಮರಿಯಣ್ಣ’ ಎನ್ನತೊಡಗಿದ. ನಾಲಿಗೆ ಎಷ್ಟು ಸಲ ಜಾರಲು ನೋಡಿತೋ, ಅಷ್ಟು ಸಲವೂ ಹಲ್ಲು ಕಚ್ಚಿ ಹಿಡಿದ. ಇವನೊಬ್ಬನೇ ಅಲ್ಲ, ಊರಿಗೆ ಊರೇ ಹಾಗೆ ಮಾಡಿತು. ಅಪ್ಪನ ಜೊತೆ ಸದಾ ಜಗಳ ಕಾಯುತ್ತಿದ್ದ ಮರಿಯಯ್ಯನ ಮಗಳು ಸ್ನೇಹ ಕೂಡ ಆಸ್ಪತ್ರೆಯ ವಾರ್ಡಿನಲ್ಲಿದ್ದವಳಂತೆ ಪಿಸುದನಿಯಲ್ಲಿ ಮಾತಾಡತೊಡಗಿದಳು.

ಇಷ್ಟು ನಯ ವಿನಯಕ್ಕೆ ಮನುಷ್ಯ ಚೇತರಿಸಿಕೊಳ್ಳಬೇಕಿತ್ತು. ಮರಿಯಯ್ಯ ದಿನೇ ದಿನೇ ಇಳಿದುಹೋದ. ಒಂದು ಕಾಲಕ್ಕೆ ಬೀಗರೂಟದ ಪಂಕ್ತಿಯಲ್ಲಿ ಅವನು ಕೂತನೆಂದರೆ ಬಡಿಸುವವರು ಮುದ್ದೆಯ ಮಂಕರಿಯನ್ನು ಅವನ ಪಕ್ಕದಲ್ಲೇ ಇಟ್ಟು ನಿಲ್ಲುತ್ತಿದ್ದರು. ಈಗ ಒಂದು ಮುದ್ದೆಯ ಅಂಚು ಮುರಿದು, ಸಾರಿಗೆ ಅದ್ದಿ, ಅದನ್ನೇ ನೋಡುತ್ತಾ ಕೂತು, ಕೈ ತೊಳೆದುಬಿಡುತ್ತಿದ್ದ. ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಿದ್ದ. ಅಂಗಿಯೊಳಗೆ ಎಲುಬು ಎಣಿಸುವ ಹಾಗಾದ ಗೆಳೆಯನನ್ನು ನೋಡಿದಾಗಲೆಲ್ಲ ತಿಮ್ಮರಾಜುವಿಗೆ ಇವನು ಹೆಂಡತಿಯ ಹಿಂದೆಯೇ ಹೊರಟುಬಿಡುತ್ತಾನೆ ಎಂದು ಭಯವಾಗುತ್ತಿತ್ತು. ಅದನ್ನು ಯಾರ ಹತ್ತಿರವೂ ಹೇಳಲಾರ.

ಅಂಥ ಹೊತ್ತಿನಲ್ಲಿ ಮೋಟಾರು ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನು ಥಾಯ್ಲೆಂಡಿಗೆ ಪ್ರವಾಸ ಕರೆದುಕೊಂಡು ಹೋಗುವುದಾಗಿ ಹೇಳಿದರು. ತೊಂಬತ್ತಾರನೇ ಇಸವಿ, ಸಂಕ್ರಾಂತಿ ಕಳೆದ ಮೇಲೆ. ತಿಮ್ಮರಾಜು, ಮರಿಯಯ್ಯ, ನಾಗಮಂಗಲದಲ್ಲಿ ಅಂಗಡಿ ಇಟ್ಟಿದ್ದ ಅವರ ದೋಸ್ತಿ ಚಿಕ್ಕಸ್ವಾಮಿ, ಮೂವರ ಹೆಸರೂ ಬಂತು. ಮರಿಯಯ್ಯ ಬರುವುದಿಲ್ಲವೆಂದ. ತಿಮ್ಮರಾಜು ಸಿಂಧಘಟ್ಟದವರೆಗೂ ಹೋಗಿ, ಕೈ ಹಿಡಿದು, “ನಂಗೋಸ್ಕರ ಬಾರಣ್ಣ, ಒಸಿ ಮನ್ಸು ಅಗುರಾಯ್ತದೆ” ಎಂದು ಬೇಡಿಕೊಂಡು ಒಪ್ಪಿಸಿದ. ಯಶೋದಮ್ಮ ಒಂದು ಡಬ್ಬಿ ರಾಗಿಹಿಟ್ಟು, ಹುರುಳಿ ಚಟ್ನಿಪುಡಿ ಕಟ್ಟಿ, ಸೂಟ್‌ಕೇಸಿನಲ್ಲಿ ಪಂಚೆಯ ನಡುವೆ ಮುದ್ದೆ ಕೋಲನ್ನೂ ಇಟ್ಟಳು. “ಎಂಗಾದ್ರೂ ಮಾಡಿ ಅವ್ರಿಗೆ ಹೊಟ್ಟೆ ತುಂಬ ಉಣ್ಸ್ಕಂಡು ಬನ್ನಿ” ಎಂದು ಕಳಿಸಿದಳು.

ಪಟ್ಟಾಯದ ಹೋಟೆಲಿನ ಮೊದಲ ಬೆಳಿಗ್ಗೆಯೇ ತಿಮ್ಮರಾಜು ಆ ಕೋಲು ಹೊರತೆಗೆದ. ರೂಮಿನಲ್ಲಿ ಟೀಗೆ ನೀರು ಕಾಯಿಸಲು ಕರೆಂಟಿನ ಕೆಟಲ್ ಒಂದಿತ್ತು. ಅದರಲ್ಲೇ ಎಸರಿಟ್ಟು, ಹಿಟ್ಟು ಸುರಿದು, ಚಿಕ್ಕಸ್ವಾಮಿಗೆ ಹಿಡಿದುಕೊಳ್ಳಲು ಹೇಳಿ, ಕೋಲು ಹಾಕಿ ತಿರುವಿದ. ಮೋಟಾರು ಬಿಚ್ಚಿ ಜೋಡಿಸುವ ಇಬ್ಬರು ಗಂಡಸರಿಗೆ ಇಷ್ಟು ಹೊಳೆಯಲಿಲ್ಲ ನೋಡಿ, ಅಡಿ ಹತ್ತಿದರೆ ಕೆಟಲ್ಲಿನ ಗತಿ ಏನಾಗುತ್ತದೆ ಎಂದು. ಟಪ್ ಎಂದಿತು. ಆ ಮಹಡಿಯ ಕರೆಂಟೆಲ್ಲ ಹೋಯಿತು. ಹೋಟೆಲಿನವನು ಬಂದು ಸುಟ್ಟ ರಾಗಿಯ ವಾಸನೆ ಮೂಸಿ, ಮುದ್ದೆ ಕೋಲನ್ನು ಮೇಲಿಂದ ಕೆಳಗೆ ನೋಡಿ, ಕೈ ಮುಗಿದು, ನಕ್ಕು, ಬೇರೆ ಕೆಟಲ್ ತಂದುಕೊಟ್ಟು ಹೋದ.

“ಒಳ್ಳೆ ಜನ ಕಣಪ್ಪ, ಒಂದ್ ಮಾತೂ ಅನ್ನಿಲ್ಲ” ಎಂದ ಚಿಕ್ಕಸ್ವಾಮಿ.

ಮಂಚದ ಅಂಚಿನಲ್ಲಿ ಕೂತಿದ್ದ ಮರಿಯಯ್ಯ, “ಎಲ್ಲಾ ಕಡೆ ಒಳ್ಳೆ ಜನವೇ” ಎಂದು ನಿಟ್ಟುಸಿರು ಬಿಟ್ಟ. ತಿಮ್ಮರಾಜುವಿಗೆ ಆ ಮಾತು ಅರ್ಥವಾಗಲಿಲ್ಲ.

ಊಟದ ಮೇಜುಗಳ ಮೇಲೆ ಏನಿತ್ತು, ಏನಿರಲಿಲ್ಲ! ತೆಂಗಿನ ಹಾಲಿನಲ್ಲಿ ಬೇಯಿಸಿದ ಕೋಳಿಯ ಹಸಿರು ಸಾರು, ನಿಂಬೆಹುಲ್ಲು ಹಾಕಿ ಕುದಿಸಿದ ಸೀಗಡಿ, ಮೂಗಿನಲ್ಲಿ ನೀರು ತರಿಸುವ ಖಾರ. ಚಿಕ್ಕಸ್ವಾಮಿ ಇದು ನಮ್ಮ ಹೆಂಗಸರು ಕಲಿಯಬೇಕಾದ ಸಾರು ಎಂದು ಬಟ್ಟಲು ಎತ್ತಿ ಕುಡಿದ. ತಿಮ್ಮರಾಜುವಿಗೂ ನಾಲಿಗೆ ಚುರುಗುಟ್ಟಿತು, ರುಚಿ ಹತ್ತಿತು. ಮರಿಯಯ್ಯ ಮಾತ್ರ ಎರಡು ಚಮಚ ಅನ್ನ ಕೆದಕಿ, “ಸಾಕು” ಎಂದ. “ಇನ್ನೊಂದ್ ತುತ್ತು ಉಣ್ಣಪ್ಪ ಮರಿಯಣ್ಣ” ಎಂದು ತಿಮ್ಮರಾಜು ಅಂಗಲಾಚಿದಷ್ಟೂ ಅವನು ತಟ್ಟೆಯನ್ನು ದೂರ ತಳ್ಳಿದ.

ಸಮುದ್ರಕ್ಕೂ ಅವನು ಬಗ್ಗಲಿಲ್ಲ. ಅಷ್ಟು ತಿಳಿ ನೀಲಿ ನೀರನ್ನು ಮೂವರಲ್ಲಿ ಯಾರೂ ಕಂಡವರಲ್ಲ. ಕೆ.ಆರ್.ಎಸ್. ತುಂಬಿದಾಗ ಇದೇ ಸಮುದ್ರ ಎಂದುಕೊಂಡು ಬೆಳೆದವರು. ಚಿಕ್ಕಸ್ವಾಮಿ ಪಟ್ಟೆ ಚಡ್ಡಿಯಲ್ಲಿ ಅಲೆಗೆ ಬಿದ್ದು, ಉಪ್ಪು ನೀರು ಕುಡಿದು, “ಅಯ್ಯೋ, ಬನ್ರಲಾ!” ಎಂದು ಕೂಗಿಕೊಳ್ಳುತ್ತಿದ್ದ. ಸಂಗಮದ ಸುಳಿಯಲ್ಲೇ ಈಜಿದ್ದ ಮರಿಯಯ್ಯ ಪ್ಯಾಂಟು ಬೂಟು ಹಾಕಿಕೊಂಡು ಕೊಡೆಯ ನೆರಳಿನಲ್ಲಿ ಕೂತಿದ್ದ. ಅವನನ್ನು ಬಿಟ್ಟು ನೀರಿಗಿಳಿಯಲು ತಿಮ್ಮರಾಜುವಿಗೆ ಮನಸ್ಸಾಗದೆ, ತಾನೂ ಪಕ್ಕದಲ್ಲಿ ಕೂತ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಂಗಸು ಹೆಗಲ ಮೇಲೆ ಬಿದಿರಿನ ಅಡ್ಡೆ ಹೊತ್ತುಕೊಂಡು ಬಂದು ಅವರ ಎದುರಿನ ನೆರಳಿನಲ್ಲೇ ಇಳಿಸಿದಳು. ಒಂದು ಕಡೆ ಕೆಂಡದ ಒಲೆ, ಇನ್ನೊಂದು ಕಡೆ ಮಣ್ಣಿನ ಒರಳು. ಐವತ್ತು ದಾಟಿದ ವಯಸ್ಸು, ಬಿಗಿದು ಕಟ್ಟಿದ ತುರುಬು. ಪರಂಗಿಕಾಯಿಯನ್ನು ಕೊಚ್ಚಿ ಒರಳಿಗೆ ಹಾಕಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುಳಿ ಸೇರಿಸಿ ಧಡ್ ಧಡ್ ಎಂದು ಕುಟ್ಟತೊಡಗಿದಳು. ಮರಿಯಯ್ಯ ಆ ಸದ್ದಿಗೆ ತಲೆ ಎತ್ತಿದ್ದನ್ನು ತಿಮ್ಮರಾಜು ಕಂಡ. ಕಂಡವನೇ ಎದ್ದು, ಬೆರಳು ತೋರಿಸಿ, ಮೂವರಿಗೂ ಹಾಕಿಸಿಕೊಂಡು ಬಂದ. ಕುಟ್ಟಿದ ಪರಂಗಿ, ಸುಟ್ಟ ಕೋಳಿ, ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬಿಸಿ ಬಿಸಿ ಅಂಟು ಅನ್ನ.

ಚಮಚ ಇರಲಿಲ್ಲ. ಕೈಯಲ್ಲೇ ತಿನ್ನಬೇಕು. ಮರಿಯಯ್ಯ ಬುಟ್ಟಿಗೆ ಕೈ ಹಾಕಿದ. ಅಂಟು ಅನ್ನ ಬೆರಳಿಗೆ ಮೆತ್ತಿದ್ದೇ ತಡ, ಕೈಗೆ ಎಷ್ಟೋ ದಿನದ ಅಭ್ಯಾಸ ನೆನಪಾಯಿತು. ಒಳ್ಳೆ ಗಾತ್ರದ ಒಂದು ತುತ್ತು ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಪರಂಗಿಯ ಖಾರದ ರಸಕ್ಕೆ ಅದ್ದಿ, ಬಾಯಿಗಿಟ್ಟು, ಮುದ್ದೆ ನುಂಗಿದ ಹಾಗೆ ಗುಳುಂ ಎಂದು ನುಂಗಿದ.

ಮುದ್ದೆ ಗಂಟಲಲ್ಲಿ ಜಾರುತ್ತದೆ. ಈ ಅನ್ನ ಜಾರಲಿಲ್ಲ. ಮರಿಯಯ್ಯನ ಕಣ್ಣುಗುಡ್ಡೆಗಳು ಈಚೆ ಬಂದವು. ಮುಖ ಕೆಂಪಾಯಿತು. ತಿಮ್ಮರಾಜು “ನೀರು, ನೀರು!” ಎಂದು ಕೂಗುತ್ತ ನೀರಿರುವ ಸಮುದ್ರದ ಕಡೆಗೆ ಎರಡು ಹೆಜ್ಜೆ ಓಡಿ, ವಾಪಸು ಓಡಿ ಬಂದ. ಅಷ್ಟರಲ್ಲಿ ಆ ಹೆಂಗಸು ಕೈಯಲ್ಲಿದ್ದ ಒನಕೆ ಬಿಸಾಕಿ ಬಂದು, ಮರಿಯಯ್ಯನ ತಲೆ ಬಗ್ಗಿಸಿ, ಎರಡು ಹೆಗಲ ನಡುವೆ ಧಬಾ ಧಬಾ ಎಂದು ಗುದ್ದಿದಳು. ಉಂಡೆ ಮರಳಿಗೆ ಬಿತ್ತು. ಮರಿಯಯ್ಯ ಉಸಿರೆಳೆದುಕೊಂಡ.

ಆಮೇಲೆ ಶುರುವಾಯಿತು ಆಕೆಯ ಬಾಯಿ. ಸೊಂಟದ ಮೇಲೆ ಕೈಯಿಟ್ಟು, ತನ್ನ ಹಲ್ಲು ತೋರಿಸಿ, ಅಗಿಯುವ ಅಭಿನಯ ಮಾಡಿ, ಮತ್ತೆ ಮರಿಯಯ್ಯನ ಮೂಗಿನ ಮುಂದೆ ಬೆರಳು ಆಡಿಸಿ, ಉಸಿರು ತೆಗೆಯದೆ ಉಗಿದಳು. ಒಂದಕ್ಷರ ಅರ್ಥವಾಗಲಿಲ್ಲ, ಅರ್ಥವಾಗದೆ ಉಳಿದದ್ದೂ ಏನಿರಲಿಲ್ಲ. ಕೊನೆಗೆ ತಾನೇ ಒಂದು ಚೂರು ಅನ್ನ ಕಿತ್ತು, ಪರಂಗಿಯ ಜೊತೆ ಒತ್ತಿ, ಅವನ ಕೈಗೆ ಇಟ್ಟು, ತಿನ್ನುವವರೆಗೂ ಅಲ್ಲೇ ನಿಂತಳು. ಮರಿಯಯ್ಯ ಅಗಿದು ತಿಂದ. ಇನ್ನೊಂದು ಕೊಟ್ಟಳು. ಅದನ್ನೂ ತಿಂದ. ಆಕೆ ‘ಹ್ಞೂಂ’ ಎಂದು ಒರಳಿನ ಹತ್ತಿರ ಹೋದಳು.

ಮರಿಯಯ್ಯನ ಕಣ್ಣಿಂದ ಧಾರಾಕಾರ ನೀರು. ತಿಮ್ಮರಾಜು ಗಾಬರಿಯಾಗಿ ಕೈ ಹಿಡಿದು, “ಬೇಜಾರು ಮಾಡ್ಕಬ್ಯಾಡಪ್ಪ ಮರಿಯಣ್ಣ, ಪಾಪ ಅವ್ಳಿಗೆ ಗೊತ್ತಿಲ್ಲ...” ಎಂದ.

“ಥೂ, ಸುಮ್ಕಿರ್ಲಾ!” ಎಂದ ಮರಿಯಯ್ಯ. ಅವನು ಅಳುತ್ತಾ ನಗುತ್ತಿದ್ದ. “ತಿನ್ನೋಕ್ ಬರ್ದಿದ್ಮೇಲೆ ದೇವ್ರು ಬಾಯ್ ಯಾಕ್ ಕೊಟ್ಟ ಅಂತಿದ್ಲು ಕಣ್ಲಾ ನಮ್ಮೋಳು. ದಿನಾ ಅಂತಿದ್ಲು. ಅವ್ಳು ಹೋದ್ಮೇಲೆ ನನ್ನ ಯಾರೂ ಬಯ್ದೇ ಇಲ್ಲ ತಿಮ್ಮ. ಮಗ್ಳೂ ಬಯ್ಯಲ್ಲ. ನೀನೂ ಅಣ್ಣ, ಅಪ್ಪ ಅಂತೀಯಾ. ಎಲ್ರೂ ಅಂಗೆ ಮೆತ್ತಗೆ ಮಾತಾಡ್ತಾ ಇದ್ರೆ, ಸತ್ತಿರೋದು ಅವ್ಳಾ, ನಾನಾ ಅಂತ ನಂಗೇ ಅನುಮಾನ ಬಂದ್ಬುಟ್ಟಿತ್ತು.”

ತಿಮ್ಮರಾಜುವಿಗೆ ಪ್ರಾಣದ ಗೆಳೆಯನನ್ನು ಇಷ್ಟು ದಿನ ತಾನೇ ಹೊರಗಿನವನನ್ನಾಗಿ ಮಾಡಿ ಕೂರಿಸಿದ್ದೆನಲ್ಲ ಎಂದು ಸಂಕಟವಾಯಿತು. ಹಲ್ಲು ಕಚ್ಚಿ ಹಿಡಿದಿಟ್ಟದ್ದೆಲ್ಲ ಎದೆಯಿಂದ ಒಟ್ಟಿಗೆ ನುಗ್ಗಿ ಬಂತು.

“ಲೇ ಮೂದೇವಿ! ಬಡ್ಡೆತ್ತದ್ದೇ! ನಿನ್ನ ಉಣ್ಸಕ್ಕೆ ಅಂತ ಸಮುದ್ರ ದಾಟ್ಸಿ ಮುದ್ದೆ ಕೋಲು ಒತ್ಕಂಡ್ ಬಂದಿವ್ನಿ, ಓಟ್ಲು ಕರೆಂಟ್ ಸುಟ್ಟಿವ್ನಿ, ನೀನು ಇಲ್ಲಿ ಬೂಟಾಕ್ಕಂಡು ಶೋಕಿ ಮಾಡ್ತಾ ಕೂತಿದ್ದೀಯಾ? ತಿನ್ಲಾ ಮೊದ್ಲು! ಅಗ್ದು ತಿನ್ನು!” ಹೇಳುತ್ತಾ ಹೇಳುತ್ತಾ ಬುಟ್ಟಿಯನ್ನು ಅವನ ಮುಂದಕ್ಕೆ ತಳ್ಳಿದ.

ಮರಿಯಯ್ಯ ಮೂಗು ಒರೆಸಿಕೊಂಡು ಬುಟ್ಟಿಯನ್ನು ಹತ್ತಿರ ಎಳೆದುಕೊಂಡ. ಅದನ್ನು ಮುಗಿಸಿ, ಚಿಕ್ಕಸ್ವಾಮಿಯ ಪಾಲನ್ನೂ ಮುಗಿಸಿ, ಬೂಟು ಕಳಚಿ, ಪ್ಯಾಂಟು ಮಡಚಿ ನೀರಿಗಿಳಿದ.

ಊರಿಗೆ ಬಂದ ದಿನ ಪಾಂಡವಪುರದ ಮನೆಯಲ್ಲೇ ಊಟ. ಯಶೋದಮ್ಮ ಮುದ್ದೆ ಬಡಿಸಿ, ಎಂದಿನ ಮೆಲುದನಿಯಲ್ಲಿ, “ಒಸಿ ಉಣ್ಣಿ ಮರಿಯಣ್ಣ, ಸಂಕೋಚ ಮಾಡ್ಕಬ್ಯಾಡಿ” ಎಂದಳು. ಮರಿಯಯ್ಯನ ಕೈ ತಟ್ಟೆಯ ಮೇಲೆ ತಡೆಯಿತು.

“ಬಯ್ಯೇ ಅವ್ನ” ಎಂದ ತಿಮ್ಮರಾಜು.

ಯಶೋದಮ್ಮ ಗಂಡನ ಮುಖ ನೋಡಿದಳು. ಮರಿಯಯ್ಯನ ಮುಖ ನೋಡಿದಳು. ಅಲ್ಲಿ ಏನು ಕಂಡಳೋ, ಸೌಟನ್ನು ತಟ್ಟೆಯ ಅಂಚಿಗೆ ಟಣ್ ಎಂದು ಬಡಿದು ಹೇಳಿದಳು, “ಏನಣ್ಣ ನೀನು, ಮುದ್ದೆ ಮುಂದೆ ಕೂತ್ಕಂಡು ಜಪ ಮಾಡ್ತಿದ್ದೀಯಾ? ಸಾರು ಆರೋಯ್ತಾ ಅದೆ. ಉಣ್ಣು ಸುಮ್ಕೆ!”

ಮರಿಯಯ್ಯ ಮುದ್ದೆ ಮುರಿದು ನುಂಗಿದ. ಮುಗಿಸಿ, ತಟ್ಟೆಯನ್ನು ಮುಂದಕ್ಕೆ ಹಿಡಿದು, “ಇನ್ನೊಂದು ಆಕು ಕಣವ್ವ” ಎಂದ.