ಚನ್ನಪ್ಪನ ತಲೆ, ಸ್ವಾಮಿಯ ಪಾದ

"ಇನ್ನೂ ಎಣ ಎತ್ತಿಲ್ವೇನ್ರೋ ಬೋಳಿಮಕ್ಳ? ಮಧ್ಯಾನ ಫ್ಲ್ಯಾಟ್ ನೋಡೋಕೆ ಜನ ಬತ್ತಾರೆ. ಇಂಗೆ ಗ್ವಾಡೆಗೆ ಒರಗ್ಸಿ ಮಡಿಕ್ಕೊಂಡಿದ್ರೆ ಯಾವನ್ ತಗತಾನೆ?"

ಮೇಸ್ತ್ರಿ ಬ್ಯಾಟರಾಯಪ್ಪ ತಗಡಿನ ಶೆಡ್ಡಿನ ಬಾಗಿಲಲ್ಲಿ ನಿಂತು ಮೂಗಿಗೆ ಟವೆಲ್ ಹಿಡಿದಿದ್ದ. ಹೆಣಕ್ಕಿನ್ನೂ ವಾಸನೆ ಬಂದಿರಲಿಲ್ಲ. ಬದುಕಿರುವ ನಮ್ಮ ಮುಂದೆಯೂ ಅವನು ಹಾಗೇ ಮೂಗು ಮುಚ್ಚುತ್ತಿದ್ದ.

ಹೆಣ ಚನ್ನಪ್ಪನದು. ಮೊನ್ನೆ ಜಕ್ಕೂರಿನ ಈ ಕಟ್ಟಡದ ಏಳನೇ ಮಹಡಿಯಿಂದ ಬಿದ್ದ. ಆಸ್ಪತ್ರೆಯಲ್ಲಿ ಪೋಸ್ಟ್‌ಮಾರ್ಟಂ ಎಂದು ತಲೆ ಕೊಯ್ದು, ಗೋಣಿಚೀಲ ಹೊಲಿದಂತೆ ಹೊಲಿದು ಕೊಟ್ಟಿದ್ದರು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಹೂಳುವುದು. ಅದಕ್ಕೆ ಮೊದಲು ಅಯ್ನೋರು, ಅಂದರೆ ಮಠದ ಸ್ವಾಮಿ, ಬಂದು ಹೆಣದ ತಲೆ ಮೇಲೆ ಪಾದ ಇಡಬೇಕು. ಇಡದಿದ್ದರೆ ಸತ್ತವನಿಗೆ ದಾರಿ ಸಿಗುವುದಿಲ್ಲ ಎನ್ನುತ್ತಾರೆ. ಚನ್ನಪ್ಪನ ಹೆಂಡತಿ ಸಂಗವ್ವ ಅದನ್ನು ನಂಬಿದವಳು. ಪಕ್ಕದ ಶೆಡ್ಡಿನ ಶಿವಲಿಂಗವ್ವ ನಾನು, ನಾನೂ ನಂಬಿದವಳೇ. ಸುಳ್ಳು ಯಾಕೆ ಹೇಳಲಿ?

ಅಯ್ನೋರು ನಮ್ಮ ನಡುವೆಯೇ ಇದ್ದ. ವಿರೂಪಾಕ್ಷ, ಊರ ಮಠದ ಮರಿಸ್ವಾಮಿ. ಬಹುವಚನ ಬೇಡ ಎಂದು ಅವನೇ ತಾಕೀತು ಮಾಡಿದ್ದ. ಎರಡು ವರ್ಷದ ಹಿಂದೆ ಊರಗೌಡನ ಹೆಣದ ಮುಂದೆ ನಿಂತು, "ಯಾರ ತಲಿ ಮ್ಯಾಲೂ ಯಾರೂ ಕಾಲ ಇಡಬಾರದು, ನಾನಂತೂ ಇಡಂಗಿಲ್ಲ" ಅಂದುಬಿಟ್ಟ. ಮಠದವರು ಕಾವಿ ಕಿತ್ತುಕೊಂಡು, ಬಾರಿಸಿ, ಮತ್ತೆ ಕಂಡರೆ ಜೀವ ಉಳಿಸುವುದಿಲ್ಲ ಎಂದಿದ್ದರು. ಓಡಿಬಂದವನು ಇಲ್ಲಿ ನಮ್ಮ ಜೊತೆ ಕಾಂಕ್ರೀಟಿನ ಪುಟ್ಟಿ ಹೊರುತ್ತಿದ್ದ. ಸಂಜೆ ವಚನ ಹೇಳಿ ಅರ್ಥ ಬಿಡಿಸುತ್ತಿದ್ದ. ಅವನಿರುವ ಸುಳಿವು ಊರಿಗೆ ಹತ್ತದಂತೆ ನಾವೆಲ್ಲ ತುಟಿ ಪಿಟಕ್ಕೆನ್ನದೆ ಇದ್ದೆವು.

ನಿನ್ನೆ ಸಂಗವ್ವ ಅವನ ಕಾಲು ಹಿಡಿದಳು. ಅವನು ಅತ್ತ, ಆದರೆ ಒಪ್ಪಲಿಲ್ಲ. ಗಂಡ ಸತ್ತವಳಿಗೆ ಬುದ್ಧಿ ಎಲ್ಲಿ ನೆಟ್ಟಗಿರುತ್ತದೆ? ಮಠದ ಬೆಂಗಳೂರು ಶಾಖೆಗೆ ಫೋನ್ ಮಾಡಿ, "ನಮ್ಮ ವಿರೂಪಾಕ್ಷ ಸ್ವಾಮಿ ಇಲ್ಲೇ ಅದಾನ್ರಿ, ಆದ್ರ ಪಾದ ಇಡವಲ್ಲ, ಬ್ಯಾರೆ ಅಯ್ನೋರ್ನ ಕಳಸ್ರಿ" ಅಂದಳು.

ಅಯ್ನೋರು ಬರಲಿಲ್ಲ. ಬಿಳಿ ಕಾರು ಬಂತು. ಮಠದ ಕಾರ್ಯದರ್ಶಿ ವೀರಬಸಪ್ಪ ಇಳಿದ, ಹಿಂದೆ ನಾಲ್ವರು ದಾಂಡಿಗರು. ಈ ಕಟ್ಟಡದ ಮಾಲೀಕ ಮಠದ ದೊಡ್ಡ ಭಕ್ತನಂತೆ. ಬ್ಯಾಟರಾಯಪ್ಪ ಸೊಂಟ ಬಗ್ಗಿಸಿ ನಿಂತ.

ವೀರಬಸಪ್ಪ ಬೈಯಲಿಲ್ಲ. ಅದಕ್ಕೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಏನ್ರಿ ಅಪ್ಪಾರ, ಪುಟ್ಟಿ ಹೊತ್ತು ಹೊತ್ತು ಎಷ್ಟ ಸೊರಗೀರಿ!" ಎಂದು ನಕ್ಕ. "ಈ ಹೆಣದ ತಲಿ ಮ್ಯಾಲ ಪಾದ ಇಡ್ರಿ. ಹುಡುಗ್ರು ವಿಡಿಯೋ ಮಾಡ್ತಾರ, ಊರ ಮಂದಿ ನೋಡ್ಲಿ. ನಿಮ್ಮ ತಪ್ಪು ಅಲ್ಲಿಗೆ ಮುಗೀತು. ರುದ್ರಭೂಮ್ಯಾಗ ಈಕಿ ಗಂಡಗ ಜಾಗಾನೂ ಕೊಡಸ್ತೀನಿ."

"ಇಡದಿದ್ರ?" ವಿರೂಪಾಕ್ಷ ಕೇಳಿದ.

"ಇವರು ಹೆಣಾ ಎಲ್ಲಿ ಹೂಳ್ತಾರೋ ನೋಡೂಣು. ನೀವು ಸುಮ್ನ ಕಾರಿನ್ಯಾಗ ಕುಂದರ್ರಿ. ಎಲ್ಲಿಗೆ ಅಂತ ಕೇಳಬ್ಯಾಡ್ರಿ."

"ಲೇ ಸ್ವಾಮಿ, ಕಾಲಿಕ್ಕಿ ಮುಗ್ಸೋ," ಬ್ಯಾಟರಾಯಪ್ಪ ಕಿರುಚಿದ. "ಇಲ್ದಿದ್ರೆ ಅಷ್ಟೂ ಶೆಡ್ ಕಿತ್ತಾಕುಸ್ತೀನಿ."

ವಿರೂಪಾಕ್ಷ ನಮ್ಮ ಕಡೆ ನೋಡಿದ. ನಾವು ನೆಲ ನೋಡಿದೆವು. ಹೇಳಲು ನಾಚಿಕೆಯಾಗುತ್ತದೆ, ನಾನೂ ನೆಲವನ್ನೇ ನೋಡಿದೆ.

ಅವನು ಸಂಗವ್ವನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. "ಯವ್ವಾ, ನನ್ನ ಹಟಕ್ಕ ನಿನ್ನ ಗಂಡ ಕೊಳಿಯೂದು ಬ್ಯಾಡ. ನೀ ಇಡು ಅಂದ್ರ ಇಡ್ತೀನಿ."

"ಇಡಪ್ಪಾ," ಎಂದಳು.

ವಿರೂಪಾಕ್ಷ ಎದ್ದು ಕಾಲೆತ್ತಿದ. ಸಿಮೆಂಟಿಗೆ ಹಿಮ್ಮಡಿ ಒಡೆದು ಬೆರಳ ಸಂದು ಹುಣ್ಣಾಗಿತ್ತು. ನಾಲ್ಕು ಮೊಬೈಲು ಮೇಲೆದ್ದವು. ಪಾದ ಹೊಲಿಗೆಯ ಹತ್ತಿರ ಬಂದಾಗ ಸಂಗವ್ವ ಎರಡೂ ಕೈಯಿಂದ ಅದನ್ನು ಹಿಡಿದುಬಿಟ್ಟಳು.

"ಬ್ಯಾಡ. ಅಲ್ಲಿ ಹೊಲಿಗಿ ಐತಿ. ಅವಗ ನೋವಾಕ್ಕತಿ."

"ಏ ಹುಚ್ಚಿ, ಹೆಣಕ್ಕ ಎಂಥಾ ನೋವು?" ವೀರಬಸಪ್ಪ ಗದರಿದ.

"ನಿನಗೇನ್ ಗೊತ್ತೋ ಭಾಡ್ಯಾ! ಇಪ್ಪತ್ತು ವರ್ಷ ಈ ತಲಿ ಮ್ಯಾಲ ಕಂಡವರ ಮನಿ ಹೊತ್ತಾನ. ಇನ್ನ ಕಾಲೂ ಹೊರಬೇಕೇನು? ದಾರಿ ಸಿಗದಿದ್ರ ಇಲ್ಲೇ ಇರ್ಲಿ, ನನ್ನ ಕೂಡ!"

ಮೂಲೆಯ ಗುದ್ದಲಿ ಎತ್ತಿಕೊಂಡು ಹೊರಗೆ ನಡೆದಳು. ಗಿರಾಕಿಗಳಿಗೆ ತೋರಿಸುವ ಫ್ಲ್ಯಾಟಿನ ಮುಂದೆ ಹೊಸದಾಗಿ ಹಾಸಿದ್ದ ಹುಲ್ಲಿನ ಮೇಲೆ ಮೊದಲ ಏಟು ಹಾಕಿದಳು. ನನ್ನ ಕೈಗೆ ಸಲಿಕೆ ಯಾವಾಗ ಬಂತೋ ಗೊತ್ತಿಲ್ಲ. ವಿರೂಪಾಕ್ಷ ಹಾರೆ ತಂದ. ಹನ್ನೆರಡು ಶೆಡ್ಡಿನವರೂ ಬಂದೆವು.

"ಲಾನು ಕಣ್ರೇ, ಲಾನು!" ಬ್ಯಾಟರಾಯಪ್ಪ ಬಾಯಿ ಬಡಿದುಕೊಂಡ.

ವೀರಬಸಪ್ಪ ಅವನಿಗೆ ಸುಮ್ಮನಿರು ಎಂದು ಸನ್ನೆ ಮಾಡಿದ. ಆ ನಾಲ್ವರು ವಿಡಿಯೋ ನಿಲ್ಲಿಸಿ ಮೊಬೈಲುಗಳನ್ನು ಜೇಬಿಗಿಟ್ಟರು. ಒಬ್ಬ ಹೋಗಿ ಗೇಟು ಎಳೆದು ಒಳಗಿನಿಂದ ಸರಪಳಿ ಹಾಕಿದ. ಉಳಿದವರು ಕಬ್ಬಿಣದ ರಾಶಿಯಿಂದ ಒಂದೊಂದೇ ಸರಳು ಆರಿಸಿ, ಕೈಯಲ್ಲಿ ತೂಗಿ ನೋಡುತ್ತಿದ್ದರು.

ಸಂಗವ್ವ ಅತ್ತ ತಿರುಗಲಿಲ್ಲ. ಅಷ್ಟರಲ್ಲಿ ಸೊಂಟದಾಳಕ್ಕೆ ತೋಡಿದ್ದ ಗುಣಿಯೊಳಗೆ ಇಳಿದು ತಾನೇ ಚಕ್ಕಳಮಕ್ಕಳ ಹಾಕಿ ಕುಳಿತಳು. ತನ್ನ ತಲೆಯ ಮೇಲೆ ಕೈಯಿಟ್ಟು ಆಳ ನೋಡಿದಳು.

"ಇನ್ನೊಂದು ಮೊಳ ತೋಡ್ರಿ," ಎಂದಳು.