ಬಾಕಿ ಫೋಲ್ಡರು

ನನ್ನ ಗಂಡ ಫೈಲುಗಳಿಗೆ ಹೆಸರಿಡುವ ಚಂದವನ್ನು ಒಮ್ಮೆ ನೋಡಬೇಕು. ‘ಹೊಸದು’, ‘ಹೊಸದು ಹೊಸದು’, ‘ಕೊನೆ’, ‘ಕೊನೆ ಇದೇ’, ‘ಇದೇ ಕೊನೆ ಯಾರೂ ಮುಟ್ಟಬೇಡಿ’. ನಮ್ಮದು ಸಣ್ಣ ಪ್ರಿಂಟಿಂಗ್ ಅಂಗಡಿ. ವಿಸಿಟಿಂಗ್ ಕಾರ್ಡು, ಬಿಲ್ ಪುಸ್ತಕ, ಮದುವೆ ಕಾರ್ಡು, ಶ್ರದ್ಧಾಂಜಲಿ ಕಾರ್ಡು, ಯಾರು ಏನು ಕೇಳಿದರೂ ಮಾಡಿಕೊಡುತ್ತೇವೆ. ಹೊಸ ಕೆಲಸ ಬಂದರೆ ಈ ಮಹಾಶಯರು ಹಳೆಯ ಫೈಲೊಂದನ್ನು ತೆರೆದು, ಹೆಸರು ಬದಲಿಸಿ, ಉಳಿದದ್ದನ್ನು ದೇವರ ಮೇಲೆ ಬಿಟ್ಟು ಪ್ರಿಂಟ್ ಕೊಟ್ಟುಬಿಡುತ್ತಾರೆ. ಹಾಗೆ ಮಾಡಿಯೇ ಬೀಗ ರಿಪೇರಿಯವರ ಕಾರ್ಡಿನಲ್ಲಿ ಬೇಕರಿಯ ಫೋನ್ ನಂಬರು ಉಳಿದುಹೋಯಿತು. ಬಾಗಿಲಾಚೆ ಸಿಕ್ಕಿಹಾಕಿಕೊಂಡವರೆಲ್ಲ ಬೇಕರಿಗೆ ಫೋನು ಮಾಡಿ ಉಗಿದರಂತೆ. ಬೀಗದವರು ಬಂದು ಕಾರ್ಡಿನ ಕಟ್ಟನ್ನು ಮೇಜಿನ ಮೇಲೆ ಎಸೆದಾಗ ಬೈಸಿಕೊಂಡವಳು ನಾನು. ಇವರು ಆಗ ತಾನೇ ಟೀ ಕುಡಿಯಲು ಹೋಗಿದ್ದರು.

ಆಪರೇಷನ್ ಆಗಿ, ಸತ್ತು ಬದುಕಿ, ನಾನು ಆಗಷ್ಟೇ ಅಂಗಡಿಗೆ ಬರತೊಡಗಿದ್ದೆ. ನಿಂತು ಮಾಡುವ ಕೆಲಸ ಬೇಡವೆಂದು ಡಾಕ್ಟರು ಹೇಳಿದ್ದರು.

“ಕೂತು ಮಾಡೋ ಕೆಲಸ ಬೇಕಾದಷ್ಟಿದೆ,” ಎಂದೆ. “ಈ ಕಂಪ್ಯೂಟರಿನ ಕಸ ನಾನು ಗುಡಿಸ್ತೀನಿ.”

“ಸುಮ್ನಿರೇ, ಅದ್ರಲ್ಲಿ ಎಲ್ಲಿ ಏನಿದೆ ಅಂತ ನನಗೊಬ್ಬನಿಗೇ ಗೊತ್ತಿರೋದು.”

“ಅದೇ ಕರ್ಮ ಅಲ್ವಾ ಈಗ!”

ನಾನು ಕೂತೆ. ಫೈಲಿನ ಹೆಸರಿನಲ್ಲಿ ಮೊದಲು ತಾರೀಖು, ಆಮೇಲೆ ಗಿರಾಕಿಯ ಹೆಸರು, ಆಮೇಲೆ ಏನು ಕೆಲಸ, ಕೊನೆಗೆ ಎಷ್ಟನೆಯ ಸಲ ತಿದ್ದಿದ್ದು. ಮುಗಿದ ಕೆಲಸಕ್ಕೆ ಒಂದು ಫೋಲ್ಡರು, ನಡೆಯುತ್ತಿರುವುದಕ್ಕೆ ಒಂದು. ಇನ್ನೊಂದಕ್ಕೆ ‘ಬಾಕಿ’ ಎಂದು ಹೆಸರಿಟ್ಟೆ. ಬಾಕಿ ಎಂದರೆ ನಮ್ಮ ಕೆಲಸ ತಯಾರು, ಗಿರಾಕಿ ‘ಸರಿ, ಪ್ರಿಂಟ್ ಮಾಡಿ’ ಅನ್ನುವುದಷ್ಟೇ ಬಾಕಿ. ಒಂದೊಂದೇ ಫೈಲು ತೆರೆದು, ನೋಡಿ, ಹೆಸರಿಟ್ಟು, ಅದರದರ ಮನೆಗೆ ಸೇರಿಸುತ್ತ ಹೋದೆ. ಸುಳ್ಳೇಕೆ, ಖುಷಿಯಾಗಿಯೇ ಇದ್ದೆ.

ಆ ಖುಷಿಗೆ ಕಾರಣ ಒಂದು ಬೆಂಚು. ಇಪ್ಪತ್ತು ವರ್ಷದ ಸಂಸಾರದಲ್ಲಿ ‘ಊಟ ಆಯ್ತಾ’ ಎಂದು ಒಂದು ದಿನವೂ ಕೇಳದ ಮನುಷ್ಯ ನನ್ನ ಗಂಡ. ಆದರೆ ಆಪರೇಷನ್ ದಿನ ರಕ್ತ ನಿಲ್ಲದೆ ನಾನು ಯಂತ್ರದ ಉಸಿರಿನಲ್ಲಿ ಬಿದ್ದಿದ್ದಾಗ, ಇವರು ವಾರ್ಡಿನ ಬಾಗಿಲ ಮುಂದಿನ ಬೆಂಚು ಬಿಟ್ಟು ಅಲ್ಲಾಡಲಿಲ್ಲವಂತೆ. ಒಂದು ಗುಟುಕು ನೀರೂ ಕುಡಿಯಲಿಲ್ಲವಂತೆ. ನನಗೆ ಎಚ್ಚರವಾದ ಕೂಡಲೇ ನಾದಿನಿ ಕಣ್ಣೊರೆಸಿಕೊಳ್ಳುತ್ತ ಇದನ್ನು ಹೇಳಿದ್ದಳು. ಔಷಧಿಯಿಂದಲ್ಲ, ಆ ಬೆಂಚನ್ನು ನೆನೆನೆನೆದೇ ನಾನು ಹುಷಾರಾದದ್ದು. ಹಳೆಯದನ್ನೆಲ್ಲ ಮನ್ನಿಸಿಬಿಟ್ಟಿದ್ದೆ.

ನಾನು ಫೈಲು ಜೋಡಿಸುತ್ತಿದ್ದ ಆ ದಿನ ಇವರು ಬಿಲ್ ಪುಸ್ತಕ ಕೊಟ್ಟು ಬರಲು ಹೋಗಿದ್ದರು. ನಾದಿನಿ ಮೂಲೆಯಲ್ಲಿ ಕಾಗದ ಕತ್ತರಿಸುತ್ತಿದ್ದಳು. ನಾನು ‘ಹೊಸದು ಕೊನೆ ಮೂರು’ ಎಂಬ ಫೈಲನ್ನು ತೆರೆದೆ.

ಕಪ್ಪು ಅಂಚಿನೊಳಗೆ ನನ್ನ ಮುಖ. ಕೆಳಗೆ ನನ್ನ ಹೆಸರು, ಅದರ ಕೆಳಗೆ ‘ಶ್ರದ್ಧಾಂಜಲಿ’.

ಫೋಟೋವನ್ನು ಎಷ್ಟು ಮುತುವರ್ಜಿಯಿಂದ ತಿದ್ದಿದ್ದರೆಂದರೆ, ಕಣ್ಣಿನ ಕೆಳಗಿನ ಕಪ್ಪು ಅಳಿಸಿ, ಕೆನ್ನೆಯ ಮಚ್ಚೆಯನ್ನು ಮಾತ್ರ ಹಾಗೇ ಉಳಿಸಿದ್ದರು. ಇಷ್ಟು ಹತ್ತಿರದಿಂದ ನನ್ನ ಮುಖವನ್ನು ಬೇರೆ ಯಾವತ್ತು ನೋಡಿದ್ದರೋ ಕಾಣೆ. ಆಮೇಲೆ ಓದಿದೆ. ‘ಮೂವರು ಮಕ್ಕಳ ಅಕ್ಕರೆಯ ತಾಯಿ’ ಎಂದಿತ್ತು. ನಮಗೆ ಮಕ್ಕಳಿಲ್ಲ. ಅದಕ್ಕಾಗಿ ಅತ್ತೆಯ ಬಾಯಿಂದ ನಾನು ಕೇಳದ ಮಾತಿಲ್ಲ. ಆಗೆಲ್ಲ ಇವರು ಪೇಪರು ಓದುತ್ತ ಕೂತಿರುತ್ತಿದ್ದರು.

ಫೈಲಿನ ತಾರೀಖು ನೋಡಿದೆ. ಆಪರೇಷನ್ ಆದ ದಿನದ್ದೇ. ಮಧ್ಯಾಹ್ನ ಶುರು ಮಾಡಿ, ಕತ್ತಲಾಗುವ ಹೊತ್ತಿಗೆ ಕೊನೆಯ ಸಲ ತಿದ್ದಿದ್ದರು. ಈ ಕಂಪ್ಯೂಟರಿನಲ್ಲೇ, ಈ ಕುರ್ಚಿಯಲ್ಲೇ ಕೂತು.

“ಆವತ್ತು ಬೆಂಚಿನ ಮೇಲೆ ಯಾರು ಕೂತಿದ್ರು?” ಎಂದು ನಾದಿನಿಯನ್ನು ಕೇಳಿದೆ.

ಅವಳು ಪರದೆ ನೋಡಿದಳು. ಕತ್ತರಿಸುವ ಅಲಗು ಮೇಲಕ್ಕೆತ್ತಿದ್ದು ಹಾಗೇ ನಿಂತಿತು. “ನಾನು, ಅತ್ತಿಗೆ. ನಾನೊಬ್ಬಳೇ. ನಿಮಗೆ ಸ್ವಲ್ಪ ಸಮಾಧಾನ ಆಗ್ಲಿ ಅಂತ ಅಣ್ಣನ ಹೆಸರು ಹೇಳ್ದೆ. ಬೇಜಾರು ಮಾಡ್ಕೋಬೇಡಿ.”

ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಫೈಲನ್ನು ಪರದೆಯ ತುಂಬ ಹರಡಿ ಕಾದೆ.

ಇವರು ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದರು.

“ರೀ, ಸ್ವಲ್ಪ ಇಲ್ಲಿ ಬನ್ನಿ. ಒಂದು ಪ್ರೂಫ್ ನೋಡ್ಬೇಕು.”

ಬಗ್ಗಿ ನೋಡಿದರು. ಮುಖ ಬಿಳಿಚಿಕೊಂಡಿತು.

“ಡಾಕ್ಟರು ಕೈ ಬಿಟ್ಟಿದ್ರು ಕಣೇ,” ಎಂದರು ಕೊನೆಗೆ. “ಆ ಬಾಗ್ಲು ನೋಡ್ಕೊಂಡು ಕೂತಿದ್ರೆ ಹುಚ್ಚು ಹಿಡಿಯತ್ತೆ ಅನ್ನಿಸ್ತು. ಎದ್ದು ಇಲ್ಲಿಗೆ ಬಂದ್ಬಿಟ್ಟೆ. ಕೈಗೆ ಏನಾದ್ರೂ ಕೆಲಸ ಬೇಕಿತ್ತು. ನನಗೆ ಬರೋದು ಇದೊಂದೇ ತಾನೆ?”

ಅದು ನಾಟಕವಾಗಿರಲಿಲ್ಲ. ನನ್ನ ಹೊಟ್ಟೆಯ ಉರಿ ಅರ್ಧ ಇಳಿದೇ ಹೋಯಿತು. ಆ ಗಳಿಗೆಯಲ್ಲಿ ಅವರು ಆ ದರಿದ್ರವನ್ನು ಅಳಿಸಿಹಾಕಿದ್ದರೆ ಸಾಕಿತ್ತು, ನಾನು ಮತ್ತೆ ಬಾಯಿ ಬಿಡುತ್ತಿರಲಿಲ್ಲ. ಬೆಂಚಿನ ಸುಳ್ಳನ್ನೂ ನಿಜವೆಂದೇ ಇಟ್ಟುಕೊಂಡು ಬಾಳುತ್ತಿದ್ದೆ. ಅಳಿಸಲಿ ಎಂದು ಮೌಸನ್ನು ಅವರ ಕಡೆಗೆ ತಳ್ಳಿದೆ.

“ಮೂವರು ಮಕ್ಕಳು ಯಾರದ್ರೀ?” ಎಂದು ಮಾತ್ರ ಕೇಳಿದೆ.

ಅವರು ಮತ್ತೆ ಬಗ್ಗಿ ಓದಿದರು. “ಅಯ್ಯೋ, ಥೂ! ಔಷಧಿ ಅಂಗಡಿಯವರ ಹೆಂಡತೀದು ಇದು. ಹಳೇ ಫೈಲಿಂದ ಉಳ್ಕೊಂಡ್ಬಿಟ್ಟಿದೆ.”

ಮುಖದಲ್ಲಿ ಜೀವ ಬಂತು. ಏನು ತಪ್ಪಾಗಿದೆ, ಏನು ಮಾಡಬೇಕು ಎಂದು ಈಗ ಗೊತ್ತಾಗಿತ್ತು. ಹೆಲ್ಮೆಟ್ ಕೆಳಗಿಟ್ಟು ಮೌಸು ಹಿಡಿದರು. ಮಕ್ಕಳ ಸಾಲನ್ನು ಅಳಿಸಿದರು. ನಡುವೆ ಜಾಗ ಖಾಲಿ ಕಂಡಿತು, ಕೆಳಗಿನ ಸಾಲನ್ನು ಮೇಲಕ್ಕೆಳೆದರು. ನನ್ನ ಹೆಸರನ್ನು ಕೊಂಚ ದಪ್ಪ ಮಾಡಿ ನಡುಮಧ್ಯಕ್ಕೆ ತಂದರು. ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಸೇವ್ ಮಾಡಿದರು.

“ಈಗ ಸರಿ ಹೋಯ್ತು ನೋಡು,” ಎಂದರು.

ನಾದಿನಿ ಬಾಯಿಗೆ ಕೈ ಇಟ್ಟುಕೊಂಡಳು. ಇವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆಯಲ್ಲಿ ತಪ್ಪು ಹುಡುಕಿದರು.

ನಾನು ಮೌಸನ್ನು ವಾಪಸ್ಸು ತೆಗೆದುಕೊಂಡೆ. ‘ಹೊಸದು ಕೊನೆ ಮೂರು’ ಎಂಬುದನ್ನು ಅಳಿಸಿ ನನ್ನ ಪದ್ಧತಿಯ ಪ್ರಕಾರ ಹೆಸರಿಟ್ಟೆ. ತಾರೀಖಿನ ಜಾಗ ಖಾಲಿ ಬಿಟ್ಟೆ. ಆಮೇಲೆ ನನ್ನ ಹೆಸರು, ಶ್ರದ್ಧಾಂಜಲಿ ಕಾರ್ಡು, ತಿದ್ದಿದ್ದು ನಾಲ್ಕನೆಯ ಸಲ.

“ಎಲ್ಲಿಗೆ ಹಾಕ್ತಿದ್ದೀಯಾ?” ಎಂದು ಕೇಳಿದರು.

“ಬಾಕಿಗೆ,” ಎಂದೆ. “ಗಿರಾಕಿ ಇನ್ನೂ ಪ್ರಿಂಟ್ ಮಾಡಿ ಅಂದಿಲ್ಲ.”